ಚಮಚದಷ್ಟು ಗಾಳಿಯ ಕಾವಲು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ನಾಲ್ಕನೇ ತೊಟ್ಟಿಲ ಪಕ್ಕ ಮಂಡಿಯೂರಿ ಕೂತಿದ್ದಾರೆ ಇಲ್ಲಿನ ತಂತ್ರಜ್ಞೆ. ಎಲ್ಲರ ಬಾಯಲ್ಲಿ ‘ಮೆಕ್ಯಾನಿಕ್ ಅಕ್ಕ’. ಎದುರಿಗೆ ಉಸಿರಾಟದ ಯಂತ್ರ. ಪರೀಕ್ಷೆಗೆಂದು ಮಗುವಿನ ಶ್ವಾಸಕೋಶದ ಬದಲಿಗೆ ಕೊಳವೆಯ ತುದಿಗೆ ಸಿಕ್ಕಿಸಿದ ಪುಟ್ಟ ರಬ್ಬರ್ ಚೀಲ ಉಬ್ಬುತ್ತದೆ, ಇಳಿಯುತ್ತದೆ. ಪರದೆಯಲ್ಲಿ ಐದು ಮಿಲಿಲೀಟರ್. ಮತ್ತೆ ಐದು. ಆಮೇಲೆ ಏಳು. ಅಕ್ಕ ಹುಬ್ಬು ಗಂಟಿಕ್ಕುತ್ತಾರೆ.

ಅಷ್ಟರಲ್ಲಿ ಮಗು ಬಂದೇಬಿಡುತ್ತದೆ. ಎರಡೂವರೆ ತಿಂಗಳು ಮೊದಲೇ ಹುಟ್ಟಿದ ಹೆಣ್ಣುಕೂಸು, ಒಂಬೈನೂರು ಗ್ರಾಂ. ಗಂಟಲಿಗೆ ನಳಿಗೆ ಹಾಕಿದೆ. ನರ್ಸ್ ಆ ನಳಿಗೆಗೆ ಜೋಡಿಸಿದ ಚೀಲವನ್ನು ಕೈಯಿಂದ ಒತ್ತುತ್ತ ಉಸಿರು ಕೊಡುತ್ತಿದ್ದಾರೆ. ಉಳಿದ ಹತ್ತು ಯಂತ್ರಗಳೂ ಬೇರೆ ಕೂಸುಗಳ ಬಳಿ. ಬೇಗ ಕೊಡಿ ಎಂದು ಡಾಕ್ಟರು ಅವಸರಿಸುತ್ತಾರೆ.

“ಈಗ ಕೊಡಲ್ಲ ಡಾಕ್ಟ್ರೇ,” ಅಕ್ಕ ತಲೆಯೆತ್ತುವುದಿಲ್ಲ. “ಸ್ವಲ್ಪ ಹೊತ್ತು ಕೈಯಲ್ಲೇ ನಡೆಸಿ. ಇದು ಲೆಕ್ಕ ತಪ್ತಾ ಇದೆ.”

ಈ ಕೂಸಿನ ಒಂದು ಉಸಿರಿಗೆ ಬೇಕಾದ್ದು ಟೀ ಚಮಚದಷ್ಟು ಗಾಳಿ. ಹೆಚ್ಚಾದರೆ ಎಳೆಯ ಶ್ವಾಸಕೋಶಕ್ಕೆ ಗಾಯ. ಕಡಿಮೆಯಾದರೆ ಅದು ಮುದುಡಿಕೊಳ್ಳುತ್ತದೆ. ಅದಕ್ಕೇ ಯಂತ್ರ ಮಗುವಿನ ಸ್ವಂತ ಉಸಿರನ್ನು ಅಳೆದು ಕೊರತೆಯಷ್ಟನ್ನೇ ತುಂಬಬೇಕು. ಅಳೆಯುವುದು ಕೂದಲೆಳೆಯಂಥ ಒಂದು ತಂತಿ. ಅದರ ಮೇಲೆ ನೀರಿನ ಹನಿ ಕೂತಿದೆ.

ಅಕ್ಕ ಆ ಭಾಗ ಬದಲಿಸುತ್ತಾರೆ. ಐದು, ಐದು, ಐದು. ಡಾಕ್ಟರು ಕೈಚಾಚುತ್ತಾರೆ. ಅಕ್ಕ ಮತ್ತೊಮ್ಮೆ ಮೊದಲಿನಿಂದ ಪರೀಕ್ಷಿಸುತ್ತಾರೆ. ಮಗುವಿನ ಆಮ್ಲಜನಕ ಇಳಿದು ಎಚ್ಚರಿಕೆಯ ಗಂಟೆ ಬಡಿದುಕೊಳ್ಳುತ್ತಿದೆ. ಅಕ್ಕನ ಕೆಲಸ ನೋಡಿ ಬರೆಯಲು ಬಂದ ನಾನು ಬಾಗಿಲ ಬಳಿ ನಿಂತಿದ್ದೇನೆ. ಕೊನೆಗೂ ಅಕ್ಕ ತಲೆಯಾಡಿಸಿ ಪಕ್ಕಕ್ಕೆ ಸರಿಯುತ್ತಾರೆ. ಕೊಳವೆ ಜೋಡಿಸಿದ ಮೇಲೂ ಗಂಟೆ ನಿಲ್ಲುವುದಿಲ್ಲ. ಅರ್ಧ ನಿಮಿಷದ ನಂತರ ಅದು ಸುಮ್ಮನಾಗುತ್ತದೆ. ಕೂಸಿನ ಎದೆ ಮೆಲ್ಲಗೆ ಏರಿಳಿಯುತ್ತದೆ.

ಅಪ್ಪನ ಮಿಕ್ಸಿ ರಿಪೇರಿ ಅಂಗಡಿಯಲ್ಲಿ ಕೈ ಪಳಗಿಸಿಕೊಂಡ ಅಕ್ಕ ಇಲ್ಲಿಗೆ ಬಂದು ಹದಿನೆಂಟು ವರ್ಷ. ಹನ್ನೊಂದು ಯಂತ್ರ, ದಿನಕ್ಕೆರಡು ಸುತ್ತು. ಮನೆಯ ಮಿಕ್ಸಿ ಮಾತ್ರ ಕೆಟ್ಟು ಆರು ತಿಂಗಳಾಗಿದೆ. ಅದಕ್ಕೂ ಉಸಿರುಗಟ್ಟಿದೆ, ಆಸ್ಪತ್ರೆಗೆ ಸೇರಿಸಿಕೊಳ್ಳಿ ಎಂದು ಗಂಡ ರೇಗಿಸುತ್ತಾರಂತೆ.

ಒಂದೇ ಯಂತ್ರವನ್ನು ಎರಡೆರಡು ಸಲ ಪರೀಕ್ಷಿಸುವುದು ಯಾಕೆ ಎಂದು ಕೇಳಿದೆ. ಅಕ್ಕ ಹಳೆಯ ಮಾತು ತೆಗೆದರು. ಕೆಲಸಕ್ಕೆ ಸೇರಿದ ವರ್ಷ ಒಂದು ಮಗು ಉಳಿಯಲಿಲ್ಲ. “ಯಂತ್ರದ್ದೇನೂ ತಪ್ಪಿಲ್ಲ ಅಂದ್ರು. ಆದ್ರೆ ಅವತ್ತು ನಾನು ಒಂದೇ ಸಲ ನೋಡಿದ್ದೆ. ಅದು ನಂಗೆ ಗೊತ್ತಲ್ಲ.”

ಐದನೆಯ ದಿನ ನಾನು ಮತ್ತೆ ಹೋದಾಗ ಹೆಣ್ಣುಕೂಸಿನ ಗಂಟಲ ನಳಿಗೆ ತೆಗೆದಿದ್ದಾರೆ. ಮೂಗಿಗೆ ಸಣ್ಣ ಕೊಳವೆಯಷ್ಟೇ. ಪಕ್ಕದಲ್ಲಿ ಕೂತ ತಾಯಿ, ಯಂತ್ರ ಹೊರಗೆ ತಳ್ಳಲು ಬಂದ ಅಕ್ಕನಿಗೆ ದಾರಿ ಬಿಟ್ಟು ಕಾಲು ಮಡಚಿಕೊಳ್ಳುತ್ತಾರೆ. ಮುಖ ನೋಡುವುದಿಲ್ಲ.

ನೀವು ಯಾರೆಂದು ಆಕೆಗೆ ಹೇಳಬಾರದೇ ಎನ್ನುತ್ತೇನೆ. ಅಕ್ಕ ನಗುತ್ತಾರೆ. ಬಟ್ಟೆ ತೆಗೆದುಕೊಂಡು ಪರದೆ ಒರೆಸತೊಡಗುತ್ತಾರೆ.

“ಮಗೂಗೆ ಇನ್ನು ಬೇಡ ಅಂತ ವಾಪಸ್ ಬಂದ ಯಂತ್ರ ಒರೆಸೋದಿದೆಯಲ್ಲ, ಆ ಕೆಲಸ ಮಾತ್ರ ನಾನು ಬೇರೆ ಯಾರಿಗೂ ಬಿಟ್ಟುಕೊಡಲ್ಲ.”