ಬಿದ್ದದ್ದಲ್ಲ, ಹೊಡೆದದ್ದು

ಒಂದು ಶುಕ್ರವಾರ ಮಧ್ಯಾಹ್ನ, ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ನನ್ನ ಗಂಡ ಒಬ್ಬ ಮನುಷ್ಯನ ಬಾಯಿಗೆ ಹೊಡೆದು ಹಲ್ಲು ಉದುರಿಸಿದರು. ಶುರುವಾದದ್ದು ಒಂದು ವಿಡಿಯೊ ಕ್ಯಾಸೆಟ್ಟಿನಿಂದ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಮಗಳಿಗೆ ಆಗ ಹನ್ನೆರಡು.

ಕ್ಯಾಸೆಟ್ ತಂದವರು ಭಾವ, ಅಂದರೆ ಇವರ ದೊಡ್ಡಪ್ಪನ ಮಗ. ಇವರಿಗೆ ಮಸ್ಕತ್ತಿನಲ್ಲಿ ಕೆಲಸ ಕೊಡಿಸಿದವರೂ ಅವರೇ. ಹಾಗಾಗಿ ನಮ್ಮ ಮನೆಯಲ್ಲಿ ಎಸಿಯ ಎದುರಿನ ಸೋಫಾ ಅವರದ್ದು. ಲಂಡನ್ನಿನಲ್ಲಿ ಯಾರೋ ಟಿವಿಯಿಂದ ರೆಕಾರ್ಡ್ ಮಾಡಿಟ್ಟಿದ್ದ ಒಂದು ಡಾಕ್ಯುಮೆಂಟರಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಆಗೆಲ್ಲ ಏರ್‌ಪೋರ್ಟಿನಲ್ಲಿ ಕ್ಯಾಸೆಟ್ ತೆಗೆದಿಟ್ಟುಕೊಂಡು, ನೋಡಿ, ಅಡ್ಡಿಯಿಲ್ಲ ಅನ್ನಿಸಿದರೆ ಮಾತ್ರ ವಾಪಸು ಕೊಡುತ್ತಿದ್ದರು. ಅಡಗಿಸಿ ತಂದದ್ದು ಸಿಕ್ಕಿದರೆ ಸುದ್ದಿ ನಮ್ಮ ವೀಸಾ ಕೈಯಲ್ಲಿಟ್ಟುಕೊಂಡ ಕಫೀಲನವರೆಗೂ ಹೋಗುತ್ತಿತ್ತು. ಅದಕ್ಕೆ ಪರದೆ ಎಳೆದು ಕೂತಿದ್ದರು.

ಅಮೆರಿಕದ ಕಪ್ಪು ಜನರ ಚಿತ್ರ ಅದು. ಮೊದಲು ಹಳೆಯ ಫೋಟೊಗಳು: ಬೆನ್ನು ತುಂಬ ಚಾಟಿಯ ಬಾಸುಂಡೆ, ಮರಕ್ಕೆ ನೇತುಹಾಕಿದ ದೇಹ, ಅದರ ಕೆಳಗೆ ಹ್ಯಾಟು ಹಾಕಿಕೊಂಡು ನಗುವ ಜನ. ಆಮೇಲೆ ಈಗಿನ ಜೈಲು. ಕೈದಿಗಳು ಸಾಲಾಗಿ ಹತ್ತಿ ಹೊಲದಲ್ಲಿ ಗುದ್ದಲಿ ಎತ್ತುತ್ತಾರೆ, ಕುದುರೆಯ ಮೇಲೆ ಕೋವಿ ಹಿಡಿದವನು ಕಾಯುತ್ತಾನೆ. ಗುಲಾಮರನ್ನು ಬಿಡಿಸಿದ ಕಾನೂನು ಶಿಕ್ಷೆಯಾದವರನ್ನು ಮಾತ್ರ ಬಿಡಿಸದೆ ಹೊರಗಿಟ್ಟಿತ್ತಂತೆ. ಹಾಗಾಗಿ ಅಜ್ಜ ದುಡಿದ ಹೊಲಕ್ಕೇ ಮೊಮ್ಮಗ ಕೈದಿಯಾಗಿ ಬಂದನಂತೆ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ನನಗೆ ಬಿಡಿಸಿ ಹೇಳಿದಳು. ನಾನು ಮೀನು ಕಾಯಿಸುತ್ತಾ ನಡುನಡುವೆ ಬಾಗಿಲಿಗೆ ಬಂದು ನೋಡುತ್ತಿದ್ದೆ.

"ಮನುಷ್ಯರಾ ಮಾರಾಯ ಇವರು?" ಎಂದರು ಭಾವ. "ನಮ್ಮಲ್ಲಿ ಏನೇ ಇರ್ಲಿ, ಇಂಥ ರಾಕ್ಷಸತನ ಇಲ್ಲಪ್ಪ."

ಆಗ ನೆಲ ಒರೆಸುತ್ತಿದ್ದವನು ತಿರುಗಿದ. ನಲವತ್ತರ ಹತ್ತಿರದ ಮನುಷ್ಯ, ನಮ್ಮ ಜಿಲ್ಲೆಯವನೇ. ಕ್ಲೀನಿಂಗ್ ಕಂಪನಿಯ ಕೆಲಸ, ರಜೆಯ ದಿನ ನಮ್ಮಂಥವರ ಮನೆಗೆ ಬರುತ್ತಿದ್ದ. ಅವನ ಊರು ಭಾವನ ಊರೇ ಎಂಬುದು ನಮಗೆ ಗೊತ್ತಿರಲಿಲ್ಲ, ಅವನಿಗೆ ಗೊತ್ತಿತ್ತು.

"ಇಲ್ಲ ಅಂತ ಹೇಳ್ಬೇಡಿ ಧಣಿ. ನಿಮ್ಮ ಮನೆಯ ಬಸುರಿ ಹೆಂಗಸಿನ ದೋಷ ಹೋಗ್ಲಿಕ್ಕೆ ನಮ್ಮ ಅಜ್ಜಿಗೆ ಉಗುರು, ಕೂದಲು ಕಲಸಿದ ಅನ್ನ ಹಾಕ್ತಿದ್ರು. ಅಂಗಳದ ಹೊರಗೆ ಕೂತು, ಎಲ್ಲರೂ ನೋಡುವ ಹಾಗೆ ತಿನ್ಬೇಕಿತ್ತು."

ಭಾವ ಅವನ ಮುಖವನ್ನೇ ನೋಡಿದರು. "ಓಹೋ, ಡೋಲು ಬಡಿಯುವವರ ಮಗನಾ ನೀನು?" ಎಂದವರು ಇವರ ಕಡೆ ತಿರುಗಿ, "ಇಷ್ಟು ದಿನ ಇವನ ಕೈಯಿಂದ ನೀರು ಕುಡಿದದ್ದಾ ನೀವು?" ಎಂದರು.

"ಕುಡಿದ್ರು. ಏನೂ ಆಗ್ಲಿಲ್ಲ, ಗಟ್ಟಿಮುಟ್ಟಾಗಿಯೇ ಇದ್ದಾರಲ್ಲ," ಎಂದ ಅವನು.

ಇವರು ಎದ್ದರು. ಮೊದಲ ಏಟು ಕೈಯಿಂದ, ಆಮೇಲೆ ನೆಲ ಒರೆಸುವ ಕೋಲಿನಿಂದ. ಕೋಲು ಅವನ ಬಾಯಿಗೆ ಬಿದ್ದ ಸದ್ದು ತೆಂಗಿನಕಾಯಿ ಒಡೆದ ಹಾಗಿತ್ತು. ಬಿದ್ದವನ ಪಕ್ಕೆಗೆ ಒದ್ದರು, ಮತ್ತೆ ಒದ್ದರು. "ಸ್ಟಾಪ್ ಇಟ್, ಡ್ಯಾಡಿ!" ಎಂದು ಮಗಳು ಕಿರುಚಿದಳು. ಭಾವ ಸೋಫಾದಿಂದ ಏಳದೆ ಕಾಲು ಮಾತ್ರ ಮೇಲೆ ಎತ್ತಿಕೊಂಡರು, ರಕ್ತ ತಾಗಬಾರದೆಂದು. ನಾನು ಒಲೆ ಆರಿಸಿದೆ. ಅದರಾಚೆ ಏನೂ ಮಾಡಲಿಲ್ಲ.

ಅವನು ಹೇಳಿದ್ದು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ನನ್ನ ತಮ್ಮ ಹುಟ್ಟುವ ಮೊದಲು ಅಮ್ಮನೂ ಹಾಗೆ ಎಲೆಗೆ ಬಡಿಸಿದ್ದರು. ಉಗುರು ಕತ್ತರಿಸಿ ಕೊಟ್ಟವಳು ನಾನೇ.

ಕೆಳಗಿನ ಮನೆಯವರು ಫೋನ್ ಮಾಡಿದ್ದಿರಬೇಕು, ಪೊಲೀಸರು ಬಂದರು. ಅವರು ಮೆಟ್ಟಿಲು ಹತ್ತುವಷ್ಟರಲ್ಲಿ ಭಾವ ಕ್ಯಾಸೆಟ್ಟನ್ನು ಅಕ್ಕಿ ಡಬ್ಬಿಯೊಳಗೆ ತುರುಕಿ ಆಗಿತ್ತು. ಗಲಾಟೆ ಯಾಕೆಂದು ಪೊಲೀಸರು ಕೇಳಿದರು. ನಿಜ ಹೇಳಿದರೆ ಕ್ಯಾಸೆಟ್ ಹೊರಗೆ ಬರುತ್ತದೆ. "ಚೋರ್," ಎಂದರು ಇವರು ಹಿಂದಿಯಲ್ಲಿ, "ಬೀವಿಯ ಬಳೆ ಕದ್ದ, ಓಡುವಾಗ ಮೆಟ್ಟಿಲಲ್ಲಿ ಬಿದ್ದ." ಅಧಿಕಾರಿ ನನ್ನ ಕಡೆ ನೋಡಿದರು. ನನ್ನ ಬಳೆಗಳು ಎರಡೂ ಕೈಯಲ್ಲೇ ಇದ್ದವು. ನಾನು ಕೈಯನ್ನು ಸೆರಗಿನೊಳಗೆ ತೆಗೆದುಕೊಂಡೆ. ಅವನನ್ನು ಎಳೆದುಕೊಂಡು ಹೋದರು.

ಆಮೇಲೆ ಊಟ. ಇವರ ಬೆರಳ ಗಂಟುಗಳು ಊದಿದ್ದವು, ಐಸ್ ಕೊಟ್ಟೆ. ಮೀನು ಬಡಿಸಿದೆ, ಭಾವ ಇನ್ನೊಂದು ತುಂಡು ಕೇಳಿದರು. ಬಡಿಸುತ್ತಾ ನನಗೆ ಆ ಚಿತ್ರದ ಮೇಲೆ ಸಿಟ್ಟು ಬಂತು. ಏಟು ತಿಂದವರನ್ನು ಎಷ್ಟು ಹೊತ್ತು ತೋರಿಸಿದರು, ಚಾಟಿ, ನಾಯಿ, ಕೋವಿ ಎಲ್ಲ ತೋರಿಸಿದರು. ಹೊಡೆದವನು ಸಂಜೆ ಮನೆಗೆ ಹೋಗಿ ಏನು ತಿಂದ, ಯಾರು ಬಡಿಸಿದರು, ಅದನ್ನು ತೋರಿಸಲೇ ಇಲ್ಲ. ಮರದ ಕೆಳಗಿನ ಆ ಫೋಟೊದಲ್ಲಿ ಹೆಂಗಸರೂ ಇದ್ದರು. ಕ್ಯಾಮೆರಾ ಅವರ ಹತ್ತಿರ ನಿಲ್ಲದೆ ಮುಂದೆ ಹೋಗಿತ್ತು.

ಶನಿವಾರ ಇವರು ಆಫೀಸಿಗೆ ಹೋದ ಮೇಲೆ ಟ್ಯಾಕ್ಸಿ ಹಿಡಿದು ಸ್ಟೇಶನ್ನಿಗೆ ಹೋದೆ. ಆ ದೇಶದಲ್ಲಿ ಒಬ್ಬಳೇ ಟ್ಯಾಕ್ಸಿ ಹತ್ತಿದ್ದು ಅದೇ ಮೊದಲು. ನಿನ್ನೆಯ ಅಧಿಕಾರಿಯೇ ಇದ್ದರು, ಅವರಿಗೆ ಹಿಂದಿ ಬರುತ್ತಿತ್ತು. ಬಳೆ ತೋರಿಸಿ, "ಚೋರಿ ನಹೀಂ ಹುವಾ," ಎಂದೆ. ಅವರು ಬಳೆಗಳನ್ನು ನೋಡಿ, ಅವನನ್ನು ಕರೆಸಿದರು.

ತುಟಿ ಊದಿ ಮುಖವೇ ಬೇರೆಯಾಗಿತ್ತು. ಅಧಿಕಾರಿ ಹೊಸ ಕಾಗದ ಬರೆದು ಹಿಂದಿಯಲ್ಲಿ ಹೇಳಿದರು: ಕಳವು ಆಗಿಲ್ಲ, ಗಾಯ ಮೆಟ್ಟಿಲಲ್ಲಿ ಬಿದ್ದು ಆದದ್ದು, ಸೈನ್ ಹಾಕು, ಕಂಪನಿಯವರು ಬಂದು ಕರೆದುಕೊಂಡು ಹೋಗುತ್ತಾರೆ, ಖಲಾಸ್.

ಅವನು ಪೆನ್ನು ಮುಟ್ಟಲಿಲ್ಲ.

"ಸೈನ್ ಹಾಕು ಮಾರಾಯ," ಎಂದೆ, "ಮೊದಲು ಹೊರಗೆ ಬಾ."

"ಬಿದ್ದವ ಅಂತ ಬರೆಸ್ಕೊಂಡು ಹೊರಗೆ ಬರುದಾ ಅಕ್ಕ? ನಾನು ಒಳಗೇ ಇರ್ತೇನೆ." ಹಲ್ಲಿಲ್ಲದ ಬಾಯಿಂದ ಮಾತು ಗಾಳಿಯಾಗಿ ಬರುತ್ತಿತ್ತು. "ನೀವು ಅರ್ಧ ಹೇಳಿದ್ರಿ. ಇನ್ನರ್ಧವೂ ನೋಡಿದ್ದೀರಲ್ಲ."

ಏನು ಹೇಳುತ್ತಿದ್ದಾನೆಂದು ಅಧಿಕಾರಿ ನನ್ನನ್ನು ಕೇಳಿದರು. ಇವರ ಕೆಲಸ, ಮಗಳ ಶಾಲೆ, ಭಾವ, ಎಲ್ಲ ಒಮ್ಮೆಗೇ ತಲೆಗೆ ಬಂತು.

"ಗಿರಾ ನಹೀಂ," ಎಂದೆ. "ಮೇರೆ ಆದ್ಮೀ ನೇ ಮಾರಾ." ಬಿದ್ದದ್ದಲ್ಲ, ನನ್ನ ಗಂಡ ಹೊಡೆದದ್ದು.

ಯಾಕೆ ಎಂದರು. ಕ್ಯಾಸೆಟ್ಟಿನ ವಿಷಯವನ್ನೂ ಹೇಳಿದೆ.

ಇವರನ್ನು ಆಫೀಸಿನಿಂದಲೇ ಕರೆತಂದರು. ನನ್ನ ಮುಖ ನೋಡದೆ ಲಾಕಪ್ಪಿನೊಳಗೆ ಹೋದರು. ಅಧಿಕಾರಿ ಮೊದಲಿನ ಕಾಗದ ಹರಿದು ಇನ್ನೊಂದು ಬರೆದರು. ಅವನು ಅದನ್ನು ಎರಡು ಸಲ ಓದಿಸಿ ಕೇಳಿ, ಕನ್ನಡದಲ್ಲಿ ನಿಧಾನವಾಗಿ ಹೆಸರು ಬರೆದ. ಉಪಕಾರವೆಂದು ಹೇಳಲಿಲ್ಲ, ನಾನೂ ಕಾಯಲಿಲ್ಲ. ಬಾಗಿಲ ಹತ್ತಿರ ಮಾತ್ರ ಒಮ್ಮೆ ನಿಂತ.

"ಅವರಿಗೊಂದು ಚಾದರ ತಂದುಕೊಡಿ ಅಕ್ಕ," ಎಂದ. "ಒಳಗೆ ಎಸಿ ಭಾರೀ ಜೋರುಂಟು."