ಗಿರಣಿ ನಿಲ್ಲಿಸಿ ಅಪ್ಪನ ಎದೆ ನೋಡಿದ್ದು

ಮಸ್ಕಿಗೆ ಇನ್ನೂ ಕರೆಂಟಿನ ಕಂಬ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಬಲ್ಬು ಉರಿಯುತ್ತಿತ್ತು! ಗೋಡೆಯಾಚೆ ಅಪ್ಪನ ಹಿಟ್ಟಿನ ಗಿರಣಿ. ಅದರ ಎಣ್ಣೆ ಇಂಜಿನ್ನಿಗೇ ಪಟ್ಟಿ ಹಾಕಿ ಒಂದು ಡೈನಮೋ ತಿರುಗಿಸಿದ್ದ. ಆ ಬೆಳಕಿನ ಜಂಬ ಎಷ್ಟಿತ್ತೆಂದರೆ, ಬೀಗರು ಬಂದರೆ ಮಟಮಟ ಮಧ್ಯಾಹ್ನವೂ ದೀಪ ಹಚ್ಚಿಸುತ್ತಿದ್ದ. ಗಿರಣಿ ನಡುಹಗಲಲ್ಲಿ ನಿಂತದ್ದು ಅಜ್ಜಿ ತೀರಿಕೊಂಡ ದಿನ ಮಾತ್ರ.

ಅಂಥ ಅಪ್ಪ ಎದೆನೋವೆಂದು ಮಲಗಿಬಿಟ್ಟ. ಊರಿನ ವೈದ್ಯರು ನಾಡಿ ಹಿಡಿದು, ಗುಂಡಿಗೆ ಸೋತಿದೆ, ಇನ್ನು ಹೊರಸು ಬಿಟ್ಟು ಏಳಬೇಡ ಎಂದರು. ಮಳೆಗಾಲ ಕಳೆಯುವುದರೊಳಗೆ ಸೊರಗಿ ಅರ್ಧ ಆಳಾದ. ಸಿಂಧನೂರಿನ ಗಂಡನ ಮನೆಯಿಂದ ನಾನು ಓಡಿ ಬಂದೆ. ಲಿಂಗಸುಗೂರಿಗೆ ಬಂದ ದೊಡ್ಡ ಡಾಕ್ಟರೊಬ್ಬರು ಎದೆಬಡಿತ ಬರೆಯುವ ಯಂತ್ರ ತಂದಿದ್ದಾರೆಂದು ಕೇಳಿ ಅವರನ್ನೇ ಕರೆಸಿದೆ. ಅಪ್ಪ ಏಳಬಹುದೋ ಇಲ್ಲವೋ, ಅವತ್ತೇ ಗೊತ್ತಾಗಬೇಕಿತ್ತು.

ಅವರು ಬರುವ ಮೊದಲೇ ಅಪ್ಪ ಹಗಲಲ್ಲೇ ಎಲ್ಲ ಬಲ್ಬು ಹಚ್ಚಿಸಿದ್ದ. ಡಾಕ್ಟರು ಬ್ಯಾಟರಿಯ ಮೇಲೆ ನಡೆಯುವ ಯಂತ್ರ ಇಟ್ಟು, ಅಪ್ಪನ ಕೈಕಾಲಿಗೆ ತಗಡಿನ ಪಟ್ಟಿ ಕಟ್ಟಿದರು. ಕಾಗದ ಸರಿಯಿತು. ಗೆರೆ ಎಲ್ಲಿದೆ? ಬರೀ ಕಂಬಳಿಹುಳ ಹರಿದಂಥ ಗೀಚು!

"ಮುಗೀತು ಬಿಡು," ಎಂದ ಅಪ್ಪ.

ಡಾಕ್ಟರು ನಕ್ಕರು. "ಇದು ನಿಮ್ಮ ಎದಿ ಅಲ್ರೀ, ನಿಮ್ಮ ಡೈನಮೋ. ಎದಿಯಾಗ ಹುಟ್ಟೋ ಕರೆಂಟು ಭಾಳ ಸಣ್ಣದು. ಬಾಜೂಕ ಅಷ್ಟು ದೊಡ್ಡದು ತಿರುಗಾಕತ್ತಿದ್ರ ಅದೂ ಇದರಾಗ ಬರ್ತೈತಿ. ಸ್ವಲ್ಪ ಹೊತ್ತು ಬಂದ್ ಮಾಡಿಸ್ರಿ."

"ದೊಡ್ಡ ಡಾಕ್ಟರು ಬಂದಾಗ ದೀಪ ಆರಿಸಲೇನು? ಮಂದಿ ಏನಂದಾರು?" ಅಪ್ಪ ಮುಖ ತಿರುವಿದ.

ನನಗೆ ಸಿಟ್ಟು ನೆತ್ತಿಗೇರಿತು. "ನಿನ್ನ ಜೀವಕ್ಕಿಂತ ಬಲ್ಬು ಹೆಚ್ಚಾತೇನಪ್ಪಾ? ಹೊರಗ ಸೂರ್ಯ ಉರಿಯಾಕತ್ತಾನ!" ಎಂದವಳೇ ಸೆರಗು ಬಿಗಿದು ಗಿರಣಿಗೆ ನುಗ್ಗಿದೆ.

"ಸಾವ್ಕಾರ್ರು ಹೇಳ್ಯಾರೇನ್ರೀ ಅಕ್ಕಾರ?" ಎಂದ ಇಂಜಿನ್ನಿನ ಆಳು.

"ನಾ ಹೇಳಾಕತ್ತೀನಿ, ನಿಂದರ್ಸು!"

ಇಂಜಿನ್ನು ಕೆಮ್ಮಿ ಕೆಮ್ಮಿ ನಿಂತಿತು. ಜೋಳದ ಬುಟ್ಟಿ ಹಿಡಿದು ಕಾದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಕಡೆ ತಿರುಗಲೂ ನನಗೆ ಪುರಸೊತ್ತಿಲ್ಲ.

ಒಳಗೆ ಕಾಗದ ಮತ್ತೆ ಸರಿಯಿತು. ಅಬ್ಬಾ! ತೆಳ್ಳನೆಯ ಗೆರೆ, ಬಡಿತಕ್ಕೊಂದು ಚೂಪು ಮೊನೆ, ಅಳೆದಿಟ್ಟ ಹಾಗೆ! ಡಾಕ್ಟರು ನೋಡಿದರು, ಮತ್ತೆ ನೋಡಿದರು.

"ಎದಿ ಗಟ್ಟಿ ಐತ್ರೀ. ನೋವು ಹೊಟ್ಟ್ಯಾಗಿನ ವಾಯುವಿಂದು. ಏಳ್ರಿ, ಅಡ್ಡಾಡ್ರಿ."

ಅಷ್ಟರಲ್ಲಿ ಅಂಗಳದಲ್ಲಿ ಹೋ ಎಂದು ಅಳು! ಹಗಲಲ್ಲಿ ಗಿರಣಿ ನಿಂತಿತಲ್ಲ, ಅಪ್ಪ ಹೋದನೆಂದೇ ತಿಳಿದು ಅರ್ಧ ಬಜಾರು ಬಂದು ನೆರೆದಿತ್ತು. ಹೂವಿನವನ ಕೈಯಲ್ಲಿ ಹಾರ ಬೇರೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೊರಸಿನಿಂದ ಇಳಿದ. ತಿಂಗಳುಗಟ್ಟಲೆ ನಡೆಯದ ಕಾಲು ತಡವರಿಸಿತು. ಹಿಡಿಯಹೋದ ನನ್ನ ಕೈ ತಳ್ಳಿ, ತಾನೇ ಬಾಗಿಲಿಗೆ ಹೋಗಿ ನಿಂತ.

"ಏನ್ರಲೇ, ಹಿಟ್ಟು ಬೀಸಾಕ ಬಂದೀರೋ, ನನ್ನ ಹೊತ್ತೊಯ್ಯಾಕ ಬಂದೀರೋ?"

ಅಳು ಗಕ್ಕನೆ ನಿಂತಿತು. ಅಪ್ಪ ಹೂವಿನವನ ಕೈಯಿಂದ ಹಾರ ಇಸಿದುಕೊಂಡು, ಮೆಲ್ಲಗೆ ಗಿರಣಿಗೆ ನಡೆದು, ಇಂಜಿನ್ನಿಗೆ ಹಾಕಿ, ಚಾಲೂ ಮಾಡೆಂದು ಕೂಗಿದ. ಮನೆಯ ಬಲ್ಬೆಲ್ಲ ಮತ್ತೆ ಹತ್ತಿದವು. ಈ ಸಲ ನಾನು ಬೇಡವೆನ್ನಲಿಲ್ಲ.