ಎಡಗಡೆಯ ಹಿಂದಿನ ಬಾಗಿಲು

ಯಾರಾದರೂ ಇಂಥ ಮಾತು ಹೇಳಲು ಕೂತರೆ ನಾನು ಎಲೆಗೆ ಸುಣ್ಣ ಹಚ್ಚುತ್ತಾ ಒಳಗೊಳಗೇ ನಗುವ ಮನುಷ್ಯ. ನಮ್ಮಜ್ಜಿಯ ಬಾಯಿಂದ ಕೇಳಿದ ದೆವ್ವ-ಪವಾಡದ ಕಥೆಗಳನ್ನು ಕಟ್ಟೆಯ ಮೇಲೆ ಕೂತು ಹತ್ತು ಮಂದಿಗೆ ಹೇಳಿ ರಂಜಿಸಿದ್ದೇನೆ, ನಿಜ. ಆದರೆ ಅವುಗಳಲ್ಲಿ ಒಂದನ್ನೂ ನಂಬಿದವನಲ್ಲ. ಎಲ್ಲದಕ್ಕೂ ಎಲ್ಲೋ ಒಂದು ಕಾರಣ ಇರುತ್ತದೆ, ಹುಡುಕುವ ತಾಳ್ಮೆ ಬೇಕಷ್ಟೇ ಎನ್ನುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ಕೆಲವು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಅದಕ್ಕೆ ಕೀಲಿ ತಿರುವುವ ಕೆಲಸವಿಲ್ಲ. ಕೀಲಿ ಜೇಬಿನಲ್ಲಿದ್ದರೆ ಸಾಕು, ಹ್ಯಾಂಡಲ್ ಮುಟ್ಟಿದ ಕೂಡಲೇ ಬಾಗಿಲು ತೆರೆಯುತ್ತದೆ. ನಮ್ಮ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಗಾಡಿ ಪೂಜೆ. ಬೇರೆಯವರಂತೆ ಬಾನೆಟ್ಟಿಗೆ ಮಾತ್ರ ವಿಭೂತಿ ಬಳಿದರೆ ನನಗೆ ಸಮಾಧಾನವಿಲ್ಲ. ಹ್ಯಾಂಡಲ್ ಅಂದರೆ ಗಾಡಿಯ ಕೈ, ಕೈಗೆ ವಿಭೂತಿ ಬೇಡವೇ? ಹಸಿ ವಿಭೂತಿ ಕಲಸಿ ನಾಲ್ಕೂ ಹ್ಯಾಂಡಲ್ಲುಗಳಿಗೆ ಮೂರೆಳೆ ಎಳೆದು, ಒಡೆದ ಕಾಯಿಯ ನೀರನ್ನು ಮೇಲೆ ಸುರಿಯುತ್ತಿದ್ದೆ. ಎರಡು ವರ್ಷ ಹೀಗೆ ನಡೆದ ಮೇಲೆ ಹ್ಯಾಂಡಲ್ಲುಗಳು ಮುನಿಸಿಕೊಂಡವು. ಒಮ್ಮೆ ತೆರೆದರೆ ಮೂರು ಸಲ ಇಲ್ಲ. ಕೆಲವೊಮ್ಮೆ ಯಾರೂ ಮುಟ್ಟದೆಯೇ ಟಕ್ ಅಂತ ಲಾಕ್ ಆಗಿಬಿಡುತ್ತಿದ್ದವು.

ಗಾಡಿಯನ್ನು ಮೌಲಾ ಸಾಬರ ಗ್ಯಾರೇಜಿಗೆ ಒಯ್ದೆ. ಇಪ್ಪತ್ತು ವರ್ಷದಿಂದ ನನ್ನ ಎಲ್ಲ ಗಾಡಿಗಳ ಕೈಕಾಲು ನೋಡಿದವರು ಅವರು. ಒಂದು ಹ್ಯಾಂಡಲ್ ಬಿಚ್ಚಿ ಒಳಗೆ ಬೆಳ್ಳಗೆ ಗಟ್ಟಿಯಾಗಿ ಕೂತಿದ್ದ ವಿಭೂತಿಯನ್ನು ಸ್ಕ್ರೂ ಡ್ರೈವರಿನಿಂದ ಕೆರೆದು ತೋರಿಸಿದರು.

"ಯಜಮಾನ್ರ, ಹೊರಗ ನಿಂತು ಕೈ ಮುಗೀರಿ, ಬ್ಯಾಡನ್ನಂಗಿಲ್ಲ. ಒಳಗ ಅಭಿಷೇಕ ಮಾಡಿದ್ರ ವಾಯರ್ ಹೆಂಗ ತಡಕೊಂತೈತ್ರಿ?"

ಹೊಸ ಸಾಮಾನು ಹುಬ್ಬಳ್ಳಿಯಿಂದ ಬರಬೇಕಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಎಡಗಡೆಯ ಹಿಂದಿನ ಬಾಗಿಲು, ಓಡುವಾಗಲೇ ಬಿಚ್ಚಿಕೊಳ್ಳುತ್ತಿತ್ತು. ಬಾಣಂತನಕ್ಕೆ ಬಂದಿದ್ದ ಮಗಳು ಶೈಲಾ ಐದು ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಹೊರಡುವ ದಿನ ಹತ್ತಿರ ಬಂದಿತ್ತು. ಅದನ್ನು ಹೇಳಿದೆ. ಮೌಲಾ ಸಾಬರು ಆ ಬಾಗಿಲಿನ ಒಳಹಲಗೆ ತೆಗೆದು, ಹ್ಯಾಂಡಲ್ಲಿನಿಂದ ಲಾಕಿಗೆ ಹೋಗುವ ಕಡ್ಡಿಗಳೆರಡನ್ನೂ, ಹೊರಗಿನದು ಒಂದು ಒಳಗಿನದು ಒಂದು, ಕಳಚಿ ಕೆಳಗೆ ಬಿಟ್ಟರು. ಲಾಕನ್ನು ತಂತಿಯಿಂದ ಬಿಗಿದು ಕಟ್ಟಿದರು. "ಸಾಮಾನು ಬರೋಮಟ ಇದು ಬಾಗಿಲಲ್ರಿ, ಗ್ವಾಡಿ" ಎಂದರು. ಟೈರಿಗೆ ಕಾಲು ಕೊಟ್ಟು ಜಗ್ಗಿ ನೋಡಿದೆ. ಗೋಡೆಯೇ.

ಮನೆಯಲ್ಲಿ ಇದನ್ನು ಹೇಳಲಿಲ್ಲ. ಹೇಳಿದರೆ ನನ್ನಾಕೆ ಆ ಗಾಡಿಯಲ್ಲಿ ಕೂಸನ್ನು ಕೂರಿಸಲು ಬಿಡುತ್ತಿರಲಿಲ್ಲ. ಹೊರಡುವ ದಿನ ಎಡಗಡೆ ಸೀಟಿನ ಮೇಲೆ ಕೌದಿ ಹಾಸಿ ಕೂಸಿಗೆ ಜಾಗ ಮಾಡಿದೆ. ಶೈಲಾ ಬಲಗಡೆಯಿಂದ ಹತ್ತಿದಳು, ನನ್ನಾಕೆ ಮುಂದೆ ಕೂತಳು. ಯಾರಿಗೂ ಅನುಮಾನ ಬರಲಿಲ್ಲ.

ಬೀಗರ ಊರು ಕೊಟ್ಟೂರು. ಬೇಸಗೆಯ ದಿನ, ಊಟ ಮುಗಿಸಿ ಹೊರಡುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ದಾರಿಯಲ್ಲಿ ಒಂದು ಒಣಹಳ್ಳ, ಅದಕ್ಕೊಂದು ಚಿಕ್ಕ ಸೇತುವೆ. ಕೂಸು ಮೊದಲ ಸಲ ಹಳ್ಳ ದಾಟುವಾಗ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ತಾಯಿ ಕೆಳಗಿಳಿದು ಹಳ್ಳಕ್ಕೆ ಅರಿಶಿನ-ಕುಂಕುಮ ಬಿಡಬೇಕು, ಜೊತೆಗೆ ಇನ್ನೊಬ್ಬ ಮುತ್ತೈದೆ ಇರಬೇಕು, ಮನೆಯ ಹಿರಿಯ ಕಾಯಿ ನಿವಾಳಿಸಿ ಒಡೆಯಬೇಕು. ಕೂಸು ಮಾತ್ರ ಕೆಳಗಿಳಿಯಬಾರದು. ಹಳ್ಳದ ಗಾಳಿ ಅದಕ್ಕೆ ಸೋಕಬಾರದು. ಹಿಂದೆ ಕೊಲ್ಲಾರಿ ಬಂಡಿಯ ಮಾಡಿನ ಕೆಳಗೆ ಕಂಬಳಿ ಮುಚ್ಚಿ ಮಲಗಿಸುತ್ತಿದ್ದರಂತೆ. ನಾವು ಗಾಜು ಏರಿಸಿದೆವು.

ಗಾಡಿ ಬಂದ್ ಮಾಡಿದೆ. ಬಗ್ಗಿದಾಗ ಜೇಬಿನಿಂದ ಬೀಳುತ್ತದೆಂದು ಕೀಲಿಯನ್ನೂ ಫೋನನ್ನೂ ಗೇರಿನ ಹತ್ತಿರದ ಗುಳಿಯಲ್ಲಿಟ್ಟೆ. ಎರಡು ನಿಮಿಷದ ಕೆಲಸ. ಮೂವರೂ ಇಳಿದು ಬಾಗಿಲು ಹಾಕಿಕೊಂಡೆವು. ನಾನು ಕಾಯಿ ನಿವಾಳಿಸುತ್ತಿದ್ದೆ, ಹಿಂದಿನಿಂದ ಟಕ್ ಎಂಬ ಸಪ್ಪಳ ಬಂತು. ಇಂಡಿಕೇಟರುಗಳು ಒಮ್ಮೆ ಮಿಣುಕಿದವು.

ಮೊದಲ ಗಳಿಗೆಯಲ್ಲಿ ನನಗೆ ನಗುವೇ ಬಂತು ಅಂದರೆ ನಂಬುತ್ತೀರಾ? ಹೋಗಿ ಹ್ಯಾಂಡಲ್ ಮುಟ್ಟಿದೆ. ಇಲ್ಲ. ಅಂಗಿಯಿಂದ ಒರೆಸಿ ಮುಟ್ಟಿದೆ. ಇಲ್ಲ. ಬಲಗಡೆ ಎರಡೂ ಇಲ್ಲ, ಎಡಗಡೆ ಮುಂದಿನದೂ ಇಲ್ಲ. ಇಂಥ ವೇಳೆಗೆಂದೇ ಕೊಟ್ಟಿರುವ ಕಬ್ಬಿಣದ ಕೀಲಿಯೂ ಆ ಕೀಲಿಯ ಹೊಟ್ಟೆಯೊಳಗೇ ಇತ್ತು. ಶೈಲಾಳ ಫೋನು ಅವಳ ಚೀಲದಲ್ಲಿ, ಚೀಲ ಸೀಟಿನ ಮೇಲೆ. ನನ್ನಾಕೆ ಫೋನು ಇಟ್ಟುಕೊಳ್ಳುವವಳಲ್ಲ. ಕೂಸು ಎದ್ದು ಅಳತೊಡಗಿತು.

ಗಾಜು ಒಡೆಯಬಾರದಿತ್ತೇ ಎಂದು ನೀವು ಕೇಳುತ್ತೀರಿ. ಒಡೆಯಲು ನೋಡಿದೆ. ಮೊದಲು ಕೈಯಲ್ಲಿದ್ದ ಕಾಯಿಯಿಂದಲೇ ಬಾರಿಸಿದೆ, ಕಾಯಿ ಹೋಳಾಯಿತು. ಜಾಕು-ಪಾನಾ ಡಿಕ್ಕಿಯಲ್ಲಿದ್ದವು, ಡಿಕ್ಕಿಯೂ ಲಾಕು. ಹಳ್ಳದಲ್ಲಿ ಸಿಕ್ಕ ಕಲ್ಲೆಲ್ಲ ನೀರಿನಲ್ಲಿ ಉರುಳಿ ಗುಂಡಗಾಗಿದ್ದವು. ಮುಂದಿನ ಗಾಜಿಗೆ ಹೊಡೆದರೆ ಜಾರಿ ಒಂದು ಬಿಳಿ ಗೀರು ಬಿತ್ತು. ನನ್ನ ಬಲಭುಜ ಅದಕ್ಕೂ ಎರಡು ವರ್ಷ ಮೊದಲಿನಿಂದ ಮೇಲೇಳುತ್ತಿರಲಿಲ್ಲ. ಎಡಗೈಯಿಂದ ಎಷ್ಟು ಜೋರು ಬಂದೀತು? ಒಂದು ಟ್ರ್ಯಾಕ್ಟರ್ ಹೋಯಿತು. ಕೂಗಿದೆ. ಅದರಲ್ಲಿ ಹಾಡು ಹಾಕಿದ್ದರು, ಕೇಳಿಸಲಿಲ್ಲ. ನನ್ನಾಕೆ ಸೇತುವೆಯ ಮೇಲೆ ಸೆರಗೊಡ್ಡಿ ಉಚ್ಚಂಗೆಮ್ಮನಿಗೆ ಏನೇನೋ ಹರಕೆ ಹೊರುತ್ತಿದ್ದಳು.

ಶೈಲಾ ಎಡಗಡೆಯ ಹಿಂದಿನ ಬಾಗಿಲಿಗೆ ಹೋಗಿದ್ದಳು, ಕೂಸಿಗೆ ಅದೇ ಹತ್ತಿರ. ಗಾಜಿಗೆ ಹಣೆ ಒತ್ತಿ, ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಜಗ್ಗುತ್ತಿದ್ದಳು. ಜಗ್ಗಿ ಬಿಡುವುದು, ಮತ್ತೆ ಜಗ್ಗುವುದು. ಅದು ಗೋಡೆ ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಹೇಳಲು ಬಾಯಿ ತೆರೆದೆ. ಹೆತ್ತವಳಿಗೆ ಏನೆಂದು ಹೇಳಲಿ? ನೀನು ಜಗ್ಗುವುದು ಬಾಗಿಲಲ್ಲ ಎನ್ನಲೇ? ಬೇರೆ ಬಾಗಿಲಾದರೂ ಎಲ್ಲಿತ್ತು? ಸುಮ್ಮನಾದೆ. ನನ್ನ ಬದುಕಿನಲ್ಲಿ ಅಷ್ಟು ಹೇಡಿಯಾಗಿ ನಾನೆಂದೂ ನಿಂತಿಲ್ಲ.

ಆಗ ಅಳು ನಿಂತಿತು.

ಅಳುವಾಗ ನಿಲ್ಲಲಿ ಎಂದಿದ್ದೆ. ನಿಂತ ಮೇಲೆ ಅಳಲಿ ಎಂದು ಬೇಡಿಕೊಂಡೆ. "ಅಪ್ಪಾ, ಕೂಸು ಕಣ್ಣು ಮೇಲೆ ಮಾಡೈತಿ" ಎಂದಳು ಶೈಲಾ. ಕೂಗಲಿಲ್ಲ, ಮೆಲ್ಲಗೆ ಹೇಳಿದಳು. ಕೈ ಮಾತ್ರ ಜಗ್ಗುತ್ತಲೇ ಇತ್ತು. ಹಿಡಿಯಲು ಎರಡು ಕೈ ಬೇಕಾಗುವ ಒಂದು ಬಂಡೆ ಎತ್ತಿಕೊಂಡು ನಾನು ಮುಂದಿನ ಗಾಜಿನತ್ತ ತಿರುಗಿದ್ದೆ. ಭುಜ ಕಿತ್ತುಹೋದರೂ ಹೋಗಲಿ ಎಂದು ಎತ್ತಿದ್ದೆ.

ಬಾಗಿಲು ತೆರೆಯಿತು. ಎಡಗಡೆಯ ಹಿಂದಿನದು. ದಿನಾ ತೆರೆಯುವ ಬಾಗಿಲಿನಂತೆ, ಜೋರಿಲ್ಲದೆ, ಅವಳ ಕೈಯೊಳಗೇ ತೆರೆಯಿತು. ಶೈಲಾ ಕೂಸನ್ನು ಬಾಚಿಕೊಂಡು ಬೇವಿನ ಮರದ ನೆರಳಿಗೆ ಓಡಿದಳು. ನನ್ನಾಕೆ ಪೂಜೆಯ ತಂಬಿಗೆಯ ನೀರನ್ನೆಲ್ಲ ಅದರ ತಲೆಗೂ ಎದೆಗೂ ತಟ್ಟಿದಳು. ಸ್ವಲ್ಪ ಹೊತ್ತಿಗೆ ಕೂಸು ಒಮ್ಮೆ ಬಿಕ್ಕಿ, ದನಿ ತೆಗೆದು ಅತ್ತಿತು. ಬಂಡೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಅದನ್ನು ಕೆಳಗಿಟ್ಟು ಆ ಬಾಗಿಲಿನಿಂದ ಒಳಗೆ ಬಗ್ಗಿ ಕೀಲಿ ತೆಗೆದುಕೊಂಡೆ. ಬಾಗಿಲು ಮುಚ್ಚಿ ಮತ್ತೆ ಜಗ್ಗಿದೆ. ಗೋಡೆ. ಲಾಕು ತೆಗೆದು ಜಗ್ಗಿದೆ. ಗೋಡೆ.

ಕೊಟ್ಟೂರಿನಲ್ಲಿ ಡಾಕ್ಟರು ಕೂಸನ್ನು ನೋಡಿ, ಏನೂ ಆಗಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದರು. ಮರುದಿನ ಗಾಡಿಯನ್ನು ಮೌಲಾ ಸಾಬರ ಮುಂದೆ ನಿಲ್ಲಿಸಿದೆ. ನಡೆದದ್ದು ಹೇಳದೆ, ಆ ಬಾಗಿಲು ಬಿಚ್ಚಿ ಅಂದೆ. ಕಡ್ಡಿಗಳೆರಡೂ ಕೆಳಗೆ ಜೋತುಬಿದ್ದಿದ್ದವು. ತಂತಿ ಹಾಗೇ ಇತ್ತು. ಮೌಲಾ ಸಾಬರು ಎಡಚರು, ಅವರ ತಂತಿಯ ತಿರುವು ಉಳಿದವರಿಗಿಂತ ಉಲ್ಟಾ. ಅದೇ ಉಲ್ಟಾ ತಿರುವು, ಒಂದು ಸುತ್ತೂ ಸಡಿಲಾಗಿರಲಿಲ್ಲ.

ಆಮೇಲೆ ಎಲ್ಲ ಹೇಳಿದೆ. ಅವರು ನನಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದರು. ಬಿಸಿಲಿಗೆ ಕರೆಂಟ್ ಶಾರ್ಟ್ ಆಗಿರಬಹುದೇ ಎಂದು ಕೇಳಿದೆ. ಕರೆಂಟು ಬಂದರೂ ತಂತಿ ಬಿಚ್ಚಲು ಅದಕ್ಕೆ ಕೈ ಬೇಕಲ್ಲ ಎಂದರು. ತಾವೇ ಹೊರಗೆ ನಿಂತು ನಾಲ್ಕು ಸಲ ಜಗ್ಗಿದರು. ಕೊನೆಗೆ ಒಂದು ಟೈರಿನ ಮೇಲೆ ಕೂತು ಬೀಡಿ ಹಚ್ಚಿದರು.

"ಮಗಳಿಗೆ ಹೇಳೀರೇನು, ಅದು ಕಟ್ಟಿದ ಬಾಗಿಲಂತ?"

ಇಲ್ಲ ಎಂದೆ.

"ಹೇಳಬ್ಯಾಡ್ರಿ" ಎಂದರು.

ಇದಾಗಿ ಎರಡು ವರ್ಷವಾಯಿತು. ಹೊಸ ಸಾಮಾನು ಬಂತು, ನಾಲ್ಕೂ ಬಾಗಿಲು ಈಗ ಹೇಳಿದಂತೆ ಕೇಳುತ್ತವೆ. ಕಾರಣ ಹುಡುಕುವುದನ್ನು ಮಾತ್ರ ನಾನು ಬಿಟ್ಟಿಲ್ಲ. ತಿಳಿದವರನ್ನು ಕೇಳಿದ್ದೇನೆ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ತಂತಿಯ ಮಾತು ಬಂದಾಗ ಬೇರೆ ಮಾತು ತೆಗೆಯುತ್ತಾರೆ. ನನ್ನಾಕೆಗೆ ಸಂಶಯವೇ ಇಲ್ಲ, ಅದು ಉಚ್ಚಂಗೆಮ್ಮನ ಕೆಲಸ. ನನಗೆ ಹಾಗೆ ಹೇಳಲೂ ಆಗುವುದಿಲ್ಲ, ಅಲ್ಲಗಳೆಯಲೂ ಆಗುವುದಿಲ್ಲ.

ಶೈಲಾಳಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಇಲ್ಲ. ಮೊನ್ನೆ ಬಂದಿದ್ದಾಗ ಕೂಸಿಗೆ ತುತ್ತು ಉಣ್ಣಿಸುತ್ತಾ ಅವತ್ತಿನ ಮಾತು ತೆಗೆದಳು.

"ಎಷ್ಟು ಬಿಗಿ ಇತ್ತಪ್ಪಾ ಆ ಬಾಗ್ಲ. ಜಗ್ಗಿ ಜಗ್ಗಿ ಕೈಯಾಗ ಗುಳ್ಳಿ ಎದ್ದಿದ್ವು ನೋಡು."

ಹೌದವ್ವಾ, ಬಿಗಿ ಇತ್ತು ಎಂದೆ.